ಮಾವನ ಲೆನ್ಸಿಗೆ ಯಾವ ಕ್ಯಾಮೆರಾ?

ಪ್ರಶ್ನೆ: ಮಾನ್ಯರೇ, ನಾನು ಶಿರಸಿಯ ಹತ್ತಿರದ ಹಳ್ಳಿಯೊಂದರಲ್ಲಿ ಪ್ರೌಢಶಾಲಾ ಶಿಕ್ಷಕ. ಇದುವರೆಗೆ ಮೊಬೈಲ್ ಫೋನಿನಲ್ಲಿಯೇ ಚಿತ್ರ ತೆಗೆಯುತ್ತ ಬಂದಿದ್ದೇನೆ. ನಮ್ಮ ಸುತ್ತಲಿನ ಊರುಗಳಲ್ಲಿ ನಡೆಯುವ ಯಕ್ಷಗಾನ ಆಟಗಳನ್ನು ಒಳ್ಳೆಯ ಚಿತ್ರಗಳಲ್ಲಿ ಹಿಡಿದಿಡಬೇಕೆಂಬುದು ನನ್ನ ಬಹುದಿನದ ಆಸೆ. ಇದಕ್ಕಾಗಿ 40 ಸಾವಿರ ರೂಪಾಯಿ ಕೂಡಿಸಿದ್ದೇನೆ. ಅಂಗಡಿಯವರು ಕ್ಯಾನನ್ 1500ಡಿ ಅಥವಾ ನಿಕಾನ್ ಡಿ3500 ಕೊಳ್ಳಿ ಎನ್ನುತ್ತಾರೆ. ಯಾವುದು ಉತ್ತಮ? ನನ್ನ ಸೋದರಮಾವ ಫಿಲ್ಮ್ ಕ್ಯಾಮೆರಾದಲ್ಲಿ ಬಳಸುತ್ತಿದ್ದ ನಿಕಾನ್ ಎಎಫ್ 50 ಮಿ.ಮೀ. ಎಫ್/1.8ಡಿ ಲೆನ್ಸೊಂದು ಮನೆಯಲ್ಲಿದೆ. ಅದು ಉಪಯೋಗಕ್ಕೆ ಬಂದೀತೇ?
– ಓದುಗರೊಬ್ಬರು, ಶಿರಸಿ

ಉತ್ತರ: ನೀವು ಕೊನೆಯಲ್ಲಿ ಕೇಳಿರುವ ಪ್ರಶ್ನೆಯನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಕ್ಯಾಮೆರಾ ಯಾವುದಿರಬೇಕು ಎಂಬುದನ್ನು ತೀರ್ಮಾನಿಸುವುದು ಆ ಲೆನ್ಸೇ. ಮನೆಯಲ್ಲಿ ಅಂಥದೊಂದು ಇರುವುದು ನಿಮ್ಮ ಪುಣ್ಯ.

ಆಟ ನಡೆಯುವುದು ರಾತ್ರಿ. ರಂಗಸ್ಥಳದ ಬೆಳಕು ನಮ್ಮ ಕಣ್ಣಿಗೆ ಸಾಕಷ್ಟು ಪ್ರಖರವಾಗಿ ಕಂಡರೂ ಕ್ಯಾಮೆರಾಕ್ಕೆ ಅದು ಮಂದ ಬೆಳಕೇ. ಕ್ಯಾಮೆರಾದ ಜೊತೆಗೆ ಬರುವ 18–55 ಮಿ.ಮೀ. ಲೆನ್ಸನ್ನು 55ಕ್ಕೆ ಚಾಚಿದಾಗ ಅದರ ಕಿಂಡಿ ಎಫ್/5.6ಕ್ಕಿಂತ ದೊಡ್ಡದಾಗಿ ತೆರೆದುಕೊಳ್ಳುವುದಿಲ್ಲ (ಎಫ್ ಪಕ್ಕದ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಅಂಥ ಕಡೆ, ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್‌ಒವನ್ನು 3200ಕ್ಕೆ ಏರಿಸಿದರೂ ಶಟರ್ ವೇಗ ಸೆಕೆಂಡಿನ 1/30ರಷ್ಟು ಮಾತ್ರ ಸಿಕ್ಕಿತೆಂದು ಭಾವಿಸೋಣ. ವೇಷಧಾರಿ ಮಂಡಿಯೂರಿ ಗಿರಕಿ ಹೊಡೆಯುವಾಗ ಆ ವೇಗದಲ್ಲಿ ಸಿಗುವುದು ಮುಖವಲ್ಲ, ಬಣ್ಣದ ಒಂದು ಗೀರು. ಅದೇ ಜಾಗದಿಂದ, ಅದೇ ಐಎಸ್‌ಒದಲ್ಲಿ, ಮಾವನ ಲೆನ್ಸನ್ನು ಎಫ್/2ಕ್ಕೆ ತೆರೆದರೆ ಎಂಟು ಪಟ್ಟು ಬೆಳಕು ಒಳಬರುವುದರಿಂದ ಶಟರ್ ವೇಗ ಸುಮಾರು 1/250ಕ್ಕೆ ಏರುತ್ತದೆ. ಆಗ ಕಣ್ಣಿನ ಕೆಳಗಿನ ಬಣ್ಣದ ಬರಹವೂ ಸ್ಪಷ್ಟವಾಗಿ ಉಳಿಯುತ್ತದೆ. ಲೆನ್ಸಿನಲ್ಲಿ ವಿಆರ್ ಅಥವಾ ಐಎಸ್ ಇದೆಯಲ್ಲ ಎಂದು ಅಂಗಡಿಯಲ್ಲಿ ಹೇಳಬಹುದು. ಆ ವ್ಯವಸ್ಥೆ ತಡೆಯುವುದು ನಿಮ್ಮ ಕೈಯ ನಡುಕವನ್ನೇ ಹೊರತು ಕುಣಿಯುವವರ ಚಲನೆಯನ್ನಲ್ಲ.

ಇನ್ನು ತೊಡಕಿನ ವಿಷಯ. ನಿಮ್ಮ ಲೆನ್ಸಿನ ಹಿಂಬದಿಯ ಲೋಹದ ಬಳೆಯನ್ನು ನೋಡಿದರೆ ಅಲ್ಲಿ ಸ್ಕ್ರೂವಿನ ತಲೆಯ ಮೇಲಿರುವಂಥ ಒಂದು ಸಣ್ಣ ಸೀಳು ಕಾಣುತ್ತದೆ. ಎಎಫ್-ಡಿ ಮಾದರಿಯ ಈ ಲೆನ್ಸಿನೊಳಗೆ ಮೋಟರ್ ಇಲ್ಲ. ಕ್ಯಾಮೆರಾದ ಬಾಡಿಯಿಂದ ಸ್ಕ್ರೂಡ್ರೈವರಿನ ತುದಿಯಂಥ ಪುಟ್ಟ ಕಡ್ಡಿಯೊಂದು ಹೊರಬಂದು, ಆ ಸೀಳಿನಲ್ಲಿ ಕುಳಿತು, ಲೆನ್ಸನ್ನು ತಿರುಗಿಸಿ ಫೋಕಸ್ ಮಾಡಬೇಕು. ಡಿ3500ರಲ್ಲಾಗಲಿ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಡಿ5600ರಲ್ಲಾಗಲಿ ಆ ಕಡ್ಡಿಯೇ ಇಲ್ಲ. ಲೆನ್ಸ್ ಅವುಗಳಿಗೆ ಸರಿಯಾಗಿ ಕೂರುತ್ತದೆ, ಬೆಳಕಿನ ಅಳತೆಯೂ ಸಿಗುತ್ತದೆ, ಆದರೆ ಫೋಕಸನ್ನು ನೀವೇ ಕೈಯಿಂದ ಮಾಡಬೇಕಾಗುತ್ತದೆ. ಚಿಕ್ಕ ವ್ಯೂಫೈಂಡರಿನಲ್ಲಿ ಕಣ್ಣಿಟ್ಟು, ಚೆಂಡೆಯ ಪೆಟ್ಟಿಗೆ ಹಾರುವ ಕಲಾವಿದರ ಮೇಲೆ ಕೈಯಿಂದ ಫೋಕಸ್ ಮಾಡುವುದು ಪಳಗಿದವರಿಗೂ ಕಷ್ಟ. ಕ್ಯಾನನ್ 1500ಡಿಯ ಮೌಂಟ್, ಅಂದರೆ ಲೆನ್ಸ್ ಕೂರಿಸುವ ಬಾಯಿ, ಬೇರೆಯೇ ಆದ್ದರಿಂದ ಅದಕ್ಕೆ ಈ ಲೆನ್ಸ್ ನೇರವಾಗಿ ಕೂರುವುದೇ ಇಲ್ಲ.

ಹೀಗಾಗಿ ಅಂಗಡಿಯವರು ಹೇಳಿದ ಎರಡನ್ನೂ ಬಿಟ್ಟು, ಸುಸ್ಥಿತಿಯಲ್ಲಿರುವ ನಿಕಾನ್ ಡಿ7100 ಅಥವಾ ಡಿ7200 ಬಾಡಿಯೊಂದನ್ನು ಸೆಕೆಂಡ್ ಹ್ಯಾಂಡ್ ಆಗಿ ಹುಡುಕಿರಿ ಎಂಬುದು ನನ್ನ ಸ್ಪಷ್ಟ ಸಲಹೆ. ಇವು ಕ್ರಮವಾಗಿ 2013 ಮತ್ತು 2015ರ ಮಾದರಿಗಳು. ಎರಡರಲ್ಲಿಯೂ ಫೋಕಸ್ ಮೋಟರ್ ಇದೆ, ಎರಡೂ 24 ಮೆಗಾಪಿಕ್ಸೆಲ್‌ನವು. ಎ4 ಅಳತೆಯ ಉತ್ತಮ ಮುದ್ರಣಕ್ಕೆ 9 ಮೆಗಾಪಿಕ್ಸೆಲ್ ಸಾಕಾಗುವುದರಿಂದ ಆ ವಿಷಯದಲ್ಲಿ ನಿಮಗೆ ಕೊರತೆಯಾಗುವುದಿಲ್ಲ. ತೂಕ ಮಾತ್ರ ಹೆಚ್ಚು: ಬ್ಯಾಟರಿ ಸೇರಿ ಡಿ3500 ಸುಮಾರು 415 ಗ್ರಾಂ ಇದ್ದರೆ ಡಿ7200 ಸುಮಾರು 765 ಗ್ರಾಂ ಇದೆ. ಬೆಳಗಿನ ಜಾವದ ಮಂಗಳದವರೆಗೆ ಕೈಯಲ್ಲಿ ಹಿಡಿದು ಕೂರುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ, ಆದರೂ ಒಪ್ಪಿಕೊಳ್ಳಬಹುದಾದದ್ದು. ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾದ ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು. 2020ರ ನಂತರ ನಿಕಾನ್ ಆಗಲಿ ಕ್ಯಾನನ್ ಆಗಲಿ ನಾವು ಮಾತಾಡುತ್ತಿರುವಂಥ, ಕನ್ನಡಿಯಿರುವ ಡಿಎಸ್ಎಲ್ಆರ್‌ನ ಹೊಸ ಮಾದರಿಯನ್ನು ತಂದಿಲ್ಲವೆಂಬುದು ನಿಜ. ಆದರೆ ನಿಕಾನಿನ ಮಿರರ್‌ಲೆಸ್ ಕ್ಯಾಮೆರಾಕ್ಕೆ ಹಳೆಯ ಲೆನ್ಸ್ ಜೋಡಿಸಲು ಕಂಪನಿಯೇ ಕೊಡುವ ಎಫ್‌ಟಿಝಡ್ ಅಡಾಪ್ಟರಿನಲ್ಲಿಯೂ ಆ ಕಡ್ಡಿ ಇಲ್ಲದ ಕಾರಣ ನಿಮ್ಮ ಸಮಸ್ಯೆ ಅಲ್ಲಿಯೂ ಬಗೆಹರಿಯುವುದಿಲ್ಲ.

ಹಣ ಕೊಡುವ ಮೊದಲು ಲೆನ್ಸಿನ ಆರೋಗ್ಯವನ್ನು ಪರೀಕ್ಷಿಸಿಕೊಳ್ಳಿರಿ. ಅದರ ಎರಡೂ ಮುಚ್ಚಳ ತೆಗೆದು, ಕಿಂಡಿಯ ಅಂಕಿಗಳಿರುವ ಬಳೆಯನ್ನು ಎಫ್/1.8ಕ್ಕೆ ತಿರುಗಿಸಿ, ಕತ್ತಲೆ ಕೋಣೆಯಲ್ಲಿ ಒಂದು ಬದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಿರಿ. ಒಂದೆರಡು ಧೂಳಿನ ಕಣಗಳಿದ್ದರೆ ಬಾಧಕವಿಲ್ಲ. ಜೇಡರ ಬಲೆಯ ಎಳೆಗಳಂತೆ ಕವಲೊಡೆದ ಬಿಳಿಯ ಗೆರೆಗಳು ಕಂಡರೆ ಅದು ಬೂಷ್ಟು. ನಿಮ್ಮ ಕಡೆಯ ಮಳೆಗಾಲದಲ್ಲಿ ಇದು ಅಪರೂಪವೇನಲ್ಲ. ನಾನೇ ಒಂದು ಲೆನ್ಸನ್ನು ಅಂದವಾದ ಚರ್ಮದ ಚೀಲದಲ್ಲಿಟ್ಟು ಎರಡು ಮಳೆಗಾಲ ಮರೆತಿದ್ದೆ. ಚರ್ಮ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ ಎಂಬುದು ನನಗೆ ತಿಳಿದದ್ದು ಗಾಜಿನೊಳಗೆ ಆ ಎಳೆಗಳನ್ನು ಕಂಡ ಮೇಲೆಯೇ. ಆ ನೋವು ಇನ್ನೂ ಹೋಗಿಲ್ಲ. ಬೂಷ್ಟು ಅಂಚಿನಲ್ಲಿ ಸ್ವಲ್ಪವೇ ಇದ್ದರೆ ರಿಪೇರಿಯವರು ಬಿಚ್ಚಿ ಒರೆಸಿಕೊಡುತ್ತಾರೆ, ಗಾಜಿನ ಲೇಪವನ್ನೇ ತಿಂದಿದ್ದರೆ ಕಲೆ ಉಳಿಯುತ್ತದೆ. ಲೆನ್ಸ್ ಚೆನ್ನಾಗಿದ್ದರೆ ಇನ್ನು ಮುಂದೆ ಅದನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿರಿ.

ಬಾಡಿ ನೋಡಲು ಹೋಗುವಾಗ ಈ ಲೆನ್ಸನ್ನು ಜೊತೆಗೇ ಒಯ್ಯಿರಿ. ಅದರ ಬಳೆಯನ್ನು ಅತ್ಯಂತ ಚಿಕ್ಕ ಕಿಂಡಿಯಾದ 22ಕ್ಕೆ ತಿರುಗಿಸಿ, ಪಕ್ಕದ ಗುಂಡಿಯಿಂದ ಲಾಕ್ ಮಾಡಿರಬೇಕು. ಇಲ್ಲದಿದ್ದರೆ ಕ್ಯಾಮೆರಾದ ಪರದೆಯಲ್ಲಿ ‘ಎಫ್‌ಇಇ’ ಎಂಬ ಅಕ್ಷರಗಳು ಮೂಡಿ ಶಟರ್ ಬೀಳುವುದೇ ಇಲ್ಲ, ಮತ್ತು ಎಷ್ಟೋ ಜನ ಕ್ಯಾಮೆರಾ ಕೆಟ್ಟಿದೆಯೆಂದು ಆಗ ಗಾಬರಿಯಾಗುತ್ತಾರೆ. ಶಟರ್ ಗುಂಡಿಯನ್ನು ಅರ್ಧ ಒತ್ತಿದಾಗ ಗರಗರ ಸದ್ದಿನೊಂದಿಗೆ ಲೆನ್ಸ್ ತಿರುಗಿ ಫೋಕಸ್ ಆದರೆ ಮೋಟರ್ ಸರಿಯಾಗಿದೆ. ಎಫ್/16ರಲ್ಲಿ ಬಿಳಿ ಗೋಡೆಯ ಚಿತ್ರವೊಂದನ್ನು ತೆಗೆದು ದೊಡ್ಡದು ಮಾಡಿ ನೋಡಿದರೆ ಬೆಳಕನ್ನು ಹಿಡಿಯುವ ಸೆನ್ಸರಿನ ಮೇಲಿನ ಕಲೆಗಳು ಕಾಣುತ್ತವೆ. ಶಟರ್ ಎಷ್ಟು ಸಲ ಬಿದ್ದಿದೆ ಎಂಬ ಲೆಕ್ಕ ಆಗತಾನೇ ತೆಗೆದ ಚಿತ್ರದ ಮೂಲ ಫೈಲಿನೊಳಗೆ ಇರುತ್ತದೆ, ಅದನ್ನು ಓದುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಈ ಎರಡೂ ಮಾದರಿಗಳ ಶಟರನ್ನು ಕಂಪನಿ 1,50,000 ಸಲ ಪರೀಕ್ಷಿಸಿದೆ. ಆದ್ದರಿಂದ ಶಟರ್ ಬಿದ್ದ ಲೆಕ್ಕ 40–50 ಸಾವಿರದೊಳಗೆ ಇದ್ದರೆ ನಿಶ್ಚಿಂತೆಯಿಂದ ಕೊಳ್ಳಬಹುದು.

ಆಟದ ಬಯಲಿನಲ್ಲಿ ನೀವು ಕೂರಬೇಕಾದ ಜಾಗವನ್ನೂ ಈ ಲೆನ್ಸೇ ಹೇಳುತ್ತದೆ. ರಂಗಸ್ಥಳದ ಮಧ್ಯದಿಂದ ಸುಮಾರು 6 ಮೀಟರ್ ದೂರದಲ್ಲಿ ಕುಳಿತು ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೆ ಕಿರೀಟದ ತುದಿಯಿಂದ ಗೆಜ್ಜೆಯವರೆಗೆ ಒಂದು ವೇಷ ಪೂರ್ತಿಯಾಗಿ ಚೌಕಟ್ಟಿನೊಳಗೆ ಬರುತ್ತದೆ. ಫ್ಲಾಶ್ ಬಳಸಬೇಡಿರಿ, ಅದು ಕಲಾವಿದರ ಕಣ್ಣಿಗೂ ಭಾಗವತರ ಏಕಾಗ್ರತೆಗೂ ತೊಂದರೆ. ಉಳಿದ ಹಣವನ್ನು ಸದ್ಯಕ್ಕೆ ಇನ್ನೊಂದು ಲೆನ್ಸಿಗೆ ಹಾಕದೆ, ಒಂದು ಮೆಮೊರಿ ಕಾರ್ಡ್ ಮತ್ತು ಒಂದು ಹೆಚ್ಚುವರಿ ಬ್ಯಾಟರಿ ತೆಗೆದುಕೊಳ್ಳಿರಿ.

ಪ್ರಶ್ನೆ: ನಿವೃತ್ತಿಯ ನಂತರ ಕಾರಂಜಿ ಕೆರೆ ಮತ್ತು ರಂಗನತಿಟ್ಟಿನ ಹಕ್ಕಿಗಳ ಚಿತ್ರ ತೆಗೆಯುವ ಹವ್ಯಾಸ ಬೆಳೆಸಿಕೊಳ್ಳಬೇಕೆಂದಿದ್ದೇನೆ. ನಿಕಾನ್ ಡಿ3500ರ ಜೊತೆ 18–55 ಹಾಗೂ 70–300 ಮಿ.ಮೀ. ಎರಡು ಲೆನ್ಸ್‌ಗಳ ಸೆಟ್ ಒಂದು ಸಿಗುತ್ತಿದೆ. ಆರಂಭಕ್ಕೆ ಸಾಕೇ?
– ಓದುಗರೊಬ್ಬರು, ಮೈಸೂರು

ಉತ್ತರ: ಆರಂಭಕ್ಕೆ ಸಾಕು. ಡಿ3500 ಹಗುರವಾದ, ನಂಬಬಹುದಾದ ಕ್ಯಾಮೆರಾ. ಅದರ ಚಿಕ್ಕ ಸೆನ್ಸರಿನ ಕಾರಣದಿಂದ 300 ಮಿ.ಮೀ. ಲೆನ್ಸ್ ಪೂರ್ಣ ಫ್ರೇಮಿನ (35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾದ 450 ಮಿ.ಮೀ. ಲೆನ್ಸಿನಷ್ಟು ಹತ್ತಿರದ ನೋಟ ಕೊಡುತ್ತದೆ. ಆದರೆ ಡಬ್ಬಿಯೊಳಗಿನ 70–300ರ ಮೈಮೇಲಿನ ಬರಹವನ್ನು ಕನ್ನಡಕ ಹಾಕಿಕೊಂಡು ಓದಿರಿ. ಎಎಫ್-ಪಿ 70–300 ಮಿ.ಮೀ. ಎಫ್/4.5–6.3 ಎಂಬ ಈ ಡಿಎಕ್ಸ್ (ಚಿಕ್ಕ ಸೆನ್ಸರಿಗೆಂದು ಮಾಡಿದ) ಲೆನ್ಸ್ ಎರಡು ಬಗೆಗಳಲ್ಲಿ ಬಂದಿದೆ. ಒಂದರಲ್ಲಿ ಕೈನಡುಕ ತಡೆಯುವ ವಿಆರ್ ಇದೆ, ಇನ್ನೊಂದರಲ್ಲಿ ಇಲ್ಲ. ದೂರದಿಂದ ನೋಡಿದರೆ ಎರಡೂ ಒಂದೇ. ಇಂಥ ಸೆಟ್‌ಗಳಲ್ಲಿ ವಿಆರ್ ಇಲ್ಲದ್ದನ್ನೇ ಇಟ್ಟು ಕೊಡುವುದುಂಟು. ಸ್ವಲ್ಪ ಹೆಚ್ಚು ಹಣವಾದರೂ ವಿಆರ್ ಎಂಬ ಅಕ್ಷರಗಳಿರುವುದನ್ನೇ ಕೇಳಿ ಪಡೆಯಿರಿ, ಏಕೆಂದರೆ ಅದಿಲ್ಲದೆ 300 ಮಿ.ಮೀ.ನಲ್ಲಿ ಕೈಯಲ್ಲಿ ಹಿಡಿದು ತೆಗೆಯಲು 1/500ರಷ್ಟು ವೇಗ ಬೇಕಾಗುತ್ತದೆ, ಮೋಡ ಕವಿದ ಬೆಳಗಿನಲ್ಲಿ ಅದು ಸುಲಭವಾಗಿ ದೊರೆಯುವುದಿಲ್ಲ. ಕೊಂಬೆಯ ಮೇಲೆ ಕುಳಿತ ಹಕ್ಕಿಗೆ ವಿಆರ್ ತುಂಬ ನೆರವಾಗುತ್ತದೆ. ರಂಗನತಿಟ್ಟಿನಲ್ಲಿ ದೋಣಿಯಿಂದ ಹಾರುವ ಬಣ್ಣದ ಕೊಕ್ಕರೆಯನ್ನು ಹಿಡಿಯುವಾಗ ಮಾತ್ರ, ವಿಆರ್ ಇದ್ದರೂ, ಶಟರ್ ವೇಗವನ್ನು 1/1000ಕ್ಕಿಂತ ಕೆಳಗೆ ಇಳಿಸಬೇಡಿರಿ.