ಕಪ್ಪು ವರ್ಣೀಯ ಅತಿಥಿಗಳು ಕರ್ನಾಟಕ ನೋಡಲು ಬರುತ್ತಿದ್ದಾರೆ, ಅವರಿಗೆ ಏನು ಹೇಳಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಅಮೆರಿಕದಿಂದ ನಿಮ್ಮ ಸಹೋದ್ಯೋಗಿ ಮತ್ತು ಅವರ ಹೆಂಡತಿ, ಇಬ್ಬರೂ ಕಪ್ಪು ವರ್ಣೀಯರು, ಹತ್ತು ದಿನಕ್ಕೆ ಬರುತ್ತಿದ್ದಾರೆ. ಬೆಂಗಳೂರು, ಹಂಪಿ, ಗೋಕರ್ಣ ಸುತ್ತಬೇಕು. "ಅಲ್ಲಿ ನಮಗೆ ಏನೂ ತೊಂದರೆ ಆಗಲ್ವಾ?" ಎಂದು ಕೇಳಿದ್ದಾರೆ.

"ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ" ಎಂದು ಮಾತ್ರ ಹೇಳಬೇಡಿ. ಅವರು ಆಗಲೇ ಹುಡುಕಿ ಓದಿರುತ್ತಾರೆ. 2016ರ ಜನವರಿ 31ರಂದು ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ಸುಡಾನಿನ ಒಬ್ಬರು ಓಡಿಸುತ್ತಿದ್ದ ಕಾರು ಬಡಿದು ಮಹಿಳೆಯೊಬ್ಬರು ತೀರಿಕೊಂಡರು. ಆಮೇಲೆ ಅದೇ ದಾರಿಯಲ್ಲಿ ಬಂದ, ಆ ಅಪಘಾತಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಇದನ್ನು ಮುಚ್ಚಿಟ್ಟರೆ ನಿಮ್ಮ ಉಳಿದ ಮಾತನ್ನೂ ಅವರು ನಂಬುವುದಿಲ್ಲ. ಪ್ರವಾಸಿಗರ ಮೇಲೆ ಕೈ ಮಾಡುವುದು ಅಪರೂಪ. ದಿಟ್ಟಿಸಿ ನೋಡುವುದು, ಕೇಳದೆ ಫೋಟೋ ತೆಗೆಯುವುದು, ಕೂದಲು ಮುಟ್ಟುವುದು, ರೂಮಿಲ್ಲ ಎನ್ನುವುದು ಅಪರೂಪವಲ್ಲ. ಹೀಗೆಯೇ ಬಿಡಿಸಿ ಹೇಳಿ.

ಹೆಚ್ಚು ಗಮನ ಬೇಕಾದದ್ದು ರೂಮಿನ ವಿಷಯಕ್ಕೆ. ವಿದೇಶಿಯರು ಉಳಿದುಕೊಂಡರೆ 24 ಗಂಟೆಯೊಳಗೆ ಅವರ ಪಾಸ್‌ಪೋರ್ಟ್, ವೀಸಾ ವಿವರವನ್ನು ಆನ್‌ಲೈನ್‌ನಲ್ಲಿ ಕೊಡಬೇಕು. ಲಾಡ್ಜಿನವರ ಬಾಯಲ್ಲಿ ಅದು ಸಿ-ಫಾರ್ಮ್. ಇದಕ್ಕೆ ನೋಂದಾಯಿಸಿಕೊಳ್ಳದ ಸಣ್ಣ ಲಾಡ್ಜ್, ಹೋಂಸ್ಟೇಗಳು "ಫಾರಿನರ್ಸ್ ಬೇಡ" ಎಂದುಬಿಡುತ್ತವೆ, ಬಿಳಿಯರಿಗೂ ಅದೇ ಉತ್ತರ. ತೊಂದರೆ ಏನೆಂದರೆ, ಬಣ್ಣ ನೋಡಿ ಬೇಡ ಎನ್ನುವವರಿಗೂ ಇದೊಂದು ಸುಲಭದ ನೆಪ. ಬಾಗಿಲಲ್ಲಿ ನಿಂತ ಅತಿಥಿಗೆ ಯಾವುದು ನಿಜವಾದ ಕಾರಣ, ಯಾವುದು ನೆಪ ಎಂದು ತಿಳಿಯುವುದಿಲ್ಲ. ಆದ್ದರಿಂದ ಬುಕ್ ಮಾಡಿದ ಮೇಲೆ ನೀವೇ ಕನ್ನಡದಲ್ಲಿ ಫೋನ್ ಮಾಡಿ, "ಸಿ-ಫಾರ್ಮ್ ಹಾಕ್ತೀರಲ್ವಾ?" ಎಂದು ಮೊದಲು ಕೇಳಿ. ಹೌದು ಎಂದರೆ, "ಬರುವವರು ಅಮೆರಿಕದ ಗಂಡ ಹೆಂಡತಿ, ಕಪ್ಪು ವರ್ಣೀಯರು" ಎಂದೂ ಹೇಳಿ. ಬಣ್ಣ ಯಾಕೆ ಹೇಳಬೇಕು ಎಂದು ಕೆಲವರು ವಾದಿಸುತ್ತಾರೆ, ಅದರಲ್ಲಿ ನ್ಯಾಯವೂ ಇದೆ. ಆದರೆ ರಾತ್ರಿ ಹನ್ನೊಂದಕ್ಕೆ ಲಗೇಜು ಹಿಡಿದು ಬಾಗಿಲಲ್ಲಿ ನಿಂತವರಿಗೆ ಇಲ್ಲ ಎನ್ನುವುದಕ್ಕಿಂತ, ವಾರ ಮೊದಲೇ ಫೋನಿನಲ್ಲಿ ನಿಮಗೆ ಇಲ್ಲ ಎನ್ನುವುದು ಮೇಲು. ಹೀಗೆ ಹೇಳಲು ಅತಿಥಿಗಳ ಒಪ್ಪಿಗೆ ಮೊದಲು ಪಡೆಯಿರಿ. ಎರಡೂ ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ನಿಮ್ಮ ಮನೆಯಲ್ಲೇ ಉಳಿಸಿಕೊಂಡರೂ ಆ ವಿವರ ಕೊಡುವ ಹೊಣೆ ನಿಮ್ಮದು, ಇದನ್ನು ಬಹಳ ಜನ ಮರೆಯುತ್ತಾರೆ.

ಈ ಭಯ ಅವರಿಗೆ ಹೊಸದಲ್ಲ. ಅಮೆರಿಕದಲ್ಲಿ 1936ರಿಂದ ಮೂರು ದಶಕ, ಕಪ್ಪು ಪ್ರಯಾಣಿಕರಿಗೆ ರೂಮು, ಊಟ ಕೊಡುವ ಜಾಗಗಳ ಪಟ್ಟಿಯೇ 'ಗ್ರೀನ್ ಬುಕ್' ಎಂಬ ಕೈಪಿಡಿಯಾಗಿ ಅಚ್ಚಾಗುತ್ತಿತ್ತು. ಮನೆ, ರೂಮುಗಳನ್ನು ಬಾಡಿಗೆಗೆ ಕೊಡಿಸುವ ಆನ್‌ಲೈನ್ ತಾಣ ಏರ್‌ಬಿಎನ್‌ಬಿಯಲ್ಲಿ ಕಪ್ಪು ವರ್ಣೀಯರದ್ದೆಂದು ತೋರುವ ಹೆಸರಿದ್ದರೆ ಬುಕಿಂಗ್ ಒಪ್ಪಿಕೊಳ್ಳುವ ಸಾಧ್ಯತೆ ಸುಮಾರು ಶೇ. 16ರಷ್ಟು ಕಡಿಮೆ ಎಂದು ಹಾರ್ವರ್ಡ್ ಸಂಶೋಧಕರು ಅಲ್ಲಿಯ ಐದು ನಗರಗಳಲ್ಲಿ ಕಂಡುಕೊಂಡಿದ್ದರು. 2018ರಲ್ಲಿ ಆ ಕಂಪನಿ, ಬುಕಿಂಗ್ ಒಪ್ಪುವವರೆಗೆ ಮಾಲೀಕರಿಗೆ ಅತಿಥಿಯ ಫೋಟೋ ಕಾಣದಂತೆ ಬದಲಾಯಿಸಿತು. ನಿಮ್ಮ ಅತಿಥಿ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರೆ ಬೇಸರಿಸಬೇಡಿ.

ಸೆಲ್ಫ್ ಡ್ರೈವ್ ಕಾರು ಬೇಡವೇ ಬೇಡ. ಸಣ್ಣದಾಗಿ ತಾಗಿದರೂ ನಮ್ಮ ರಸ್ತೆಯಲ್ಲಿ ಎರಡು ನಿಮಿಷಕ್ಕೆ ಜನ ಸೇರುತ್ತಾರೆ, ಭಾಷೆ ಬಾರದ ಪರದೇಶಿಯೇ ಆಗ ತಪ್ಪಿತಸ್ಥ. ಹತ್ತು ದಿನಕ್ಕೂ ಒಬ್ಬನೇ ಡ್ರೈವರ್ ಇರಲಿ. ಹೊರಡುವ ಮುನ್ನ ಆ ಡ್ರೈವರ್‌ಗೆ ಮೂರು ಮಾತು ಹೇಳಿ: "ನೀಗ್ರೋ" ಎಂಬ ಪದ ಬಳಸಬಾರದು (ನಮ್ಮ ಹಿರಿಯರು ಕೆಟ್ಟ ಉದ್ದೇಶವಿಲ್ಲದೆ ಆಡಿದರೂ ಅತಿಥಿಗಳಿಗೆ ಅದು ಬೈಗುಳ), ನೈಜೀರಿಯಾನಾ ಎಂದು ಕೇಳಬಾರದು, ಸೆಲ್ಫಿಗೆ ಜನ ಮುತ್ತಿದರೆ ತಾನೇ ಮುಂದೆ ಬಂದು "ಸಾಕು, ಬಿಡಿ" ಎನ್ನಬೇಕು. ಸೆಲ್ಫಿ ಒಂದಕ್ಕೆ ಒಪ್ಪಿದರೆ ಹತ್ತಾಗುತ್ತದೆ. ಬೇಡ ಎನ್ನುವುದಿದ್ದರೆ ಮೊದಲನೆಯದಕ್ಕೇ ಎನ್ನಬೇಕು. ಅತಿಥಿಗಳಿಗೂ "ಫೋಟೋ ಬೇಡ", "ಮುಟ್ಟಬೇಡಿ" ಎಂಬೆರಡು ಮಾತು ಕಲಿಸಿ. ಕನ್ನಡದಲ್ಲಿ ಹೇಳಿದರೆ ಜನ ಬೇಗ ಹಿಂದೆ ಸರಿಯುತ್ತಾರೆ.

ಹಂಪಿಯಲ್ಲಿ ಟಿಕೆಟ್ ನಮಗೆ 40 ರೂಪಾಯಿ, ವಿದೇಶಿಯರಿಗೆ 600. ಇದು ಪುರಾತತ್ವ ಇಲಾಖೆಯ ದರ, ಬಣ್ಣದ ದರವಲ್ಲ ಎಂದು ಕೌಂಟರಿಗೆ ಹೋಗುವ ಮೊದಲೇ ತಿಳಿಸಿ. ವಿಠ್ಠಲ ದೇವಸ್ಥಾನ, ಕಮಲ ಮಹಲ್, ಕಮಲಾಪುರದ ಮ್ಯೂಸಿಯಂ ಮೂರಕ್ಕೂ ಅದೇ ದಿನ ಅದೇ ಟಿಕೆಟ್ ನಡೆಯುತ್ತದೆ, ಜೋಪಾನವಾಗಿಡಲಿ.

ಗೋಕರ್ಣದ ಬೀಚುಗಳಲ್ಲಿ ಪೊಲೀಸರು ವಿದೇಶಿಯರ ದಾಖಲೆ ಕೇಳುವುದುಂಟು. ಆಫ್ರಿಕಾದವರೆಂದರೆ ಡ್ರಗ್ಸ್ ಎಂಬ ಕೆಟ್ಟ ಊಹೆ ನಮ್ಮಲ್ಲಿ ಬೇರೂರಿದೆ. ಪಾಸ್‌ಪೋರ್ಟ್, ವೀಸಾದ ಫೋಟೋ ಫೋನಿನಲ್ಲಿ, ಜೆರಾಕ್ಸ್ ಜೇಬಿನಲ್ಲಿ, ನಿಮ್ಮ ನಂಬರ್ ಅದರ ಹಿಂದೆ ಇರಲಿ. ದಾರಿಯಲ್ಲಿ ಆಫ್ರಿಕಾದ ಹಳದಿ ಜ್ವರದ ದೇಶಕ್ಕೂ ಹೋಗಿ ಬರುವುದಾದರೆ ಲಸಿಕೆಯ ಪ್ರಮಾಣಪತ್ರ ಬೇಕು. ಲಸಿಕೆ ಹಾಕಿಸಿ ಕನಿಷ್ಠ 10 ದಿನ ಕಳೆದಿರಬೇಕು, ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್.

ಕೂದಲಿಗೆ ಬೇಕಾದ ಕಂಡೀಷನರ್, ಎಣ್ಣೆಯನ್ನು ಅಲ್ಲಿಂದಲೇ ಚೆಕ್-ಇನ್ ಬ್ಯಾಗಿನಲ್ಲಿ ತರಲು ಹೇಳಿ. ಬೋರ್‌ವೆಲ್ಲಿನ ಗಡಸು ನೀರಿಗೆ ದಟ್ಟ ಗುಂಗುರು ಕೂದಲು ಒಣಗಿ ಮುರಿಯುತ್ತದೆ, ಅದನ್ನು ನಿಭಾಯಿಸಬಲ್ಲ ಸಲೂನ್ ಇಲ್ಲಿ ಸಿಗುವುದು ಕಷ್ಟ.

ಕೈ ಮೀರಿದರೆ 112. ಪ್ರವಾಸಿಗರ ಸಹಾಯವಾಣಿ 1363, ದಿನವಿಡೀ ಹಲವು ಭಾಷೆಗಳಲ್ಲಿ ಸಿಗುತ್ತದೆ. "ಇದು ನಮ್ಮ ಸರಹದ್ದಲ್ಲ" ಎಂದು ಠಾಣೆಯವರು ವಾಪಸ್ ಕಳಿಸುವಂತಿಲ್ಲ, ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ದಾಖಲಿಸಬೇಕು.

ಕೊನೆಯದೊಂದು. ಹಂಪಿಯಿಂದ ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಮೇಲೆ ಗೋಕರ್ಣಕ್ಕೆ ಹೋಗುವಾಗ ಯಾರಾದರೂ "ಇಲ್ಲಿ ನಿಮ್ಮವರೇ ಇದ್ದಾರೆ, ತೋರಿಸ್ತೀವಿ" ಎನ್ನುತ್ತಾರೆ. ಅವರು ಹೇಳುವುದು ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಬಗ್ಗೆ. ಆದರೆ ಸಿದ್ದಿಗಳು ಶತಮಾನಗಳಿಂದ ಇಲ್ಲಿಯವರು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ ಸದಸ್ಯರಾದರು. ಅವರ ಚರಿತ್ರೆಯನ್ನು ಅತಿಥಿಗಳಿಗೆ ಖಂಡಿತ ಹೇಳಿ, ಬಹಳ ಜನ ಆಸೆಯಿಂದ ಕೇಳುತ್ತಾರೆ. ಆದರೆ ಊರೊಳಗೆ ಕಾರು ನಿಲ್ಲಿಸಿ ಮನೆಗಳನ್ನು ತೋರಿಸುವುದು ಬೇಡ. ಪರಿಚಯದ ಸಿದ್ದಿ ಕುಟುಂಬದವರು ಬನ್ನಿ ಎಂದರೆ ಮಾತ್ರ ಹೋಗಿ.