ಗಾಳಿ ಅಳೆಯುವ ಸೆನ್ಸರ್‌ಗೆ ದೂಳು ಕೂತಾಗ

ಪ್ರಶ್ನೆ: ಗದಗ ತಾಲ್ಲೂಕಿನ ಹಳ್ಳಿಯಲ್ಲಿರುವ ನಾನು ಹೊಲದ ಕೆಲಸಕ್ಕೂ ಹುಬ್ಬಳ್ಳಿಯ ಓಡಾಟಕ್ಕೂ ಒಂದೇ ಡೀಸೆಲ್ ಕಾರನ್ನು ಬಳಸುತ್ತೇನೆ. ಕಾರು 92,000 ಕಿ.ಮೀ. ಓಡಿದೆ. ಕಡಲೆ ರಾಶಿ ಮುಗಿದ ಮೇಲೆ ಎಂಜಿನ್ ದೀಪ ಹೊತ್ತಿಕೊಂಡಿದ್ದು, ಮೂರನೇ ಗೇರಿನಲ್ಲಿ ಮೊದಲಿನ ಎಳೆತವಿಲ್ಲ. ಸ್ಕ್ಯಾನರ್‌ನಲ್ಲಿ ಪಿ0101 ಎಂಬ ಕೋಡ್ ಬಂತು. ಏರ್ ಫ್ಲೋ ಸೆನ್ಸರನ್ನೇ ಬದಲಿಸಬೇಕು ಎಂದು ಗ್ಯಾರೇಜಿನವರು ಹೇಳಿದರು. ಅದಕ್ಕೂ ಮೊದಲು ಮನೆಯಲ್ಲಿಯೇ ಸ್ವಚ್ಛಗೊಳಿಸಿ ನೋಡಬಹುದೇ?

ಉತ್ತರ: ಖಂಡಿತ ನೋಡಬಹುದು. ಆದರೆ ಸೆನ್ಸರ್ ಬಿಚ್ಚುವ ಮೊದಲು ಏರ್ ಫಿಲ್ಟರ್ ಪೆಟ್ಟಿಗೆಯನ್ನು ತೆರೆಯಿರಿ. ಫಿಲ್ಟರ್ ದಾಟಿದ ಮೇಲಿನ ಕೊಳವೆಯ ಒಳಗೋಡೆಯನ್ನು ಒಂದು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಎರೆಮಣ್ಣಿನ ನುಣುಪಾದ ಕಪ್ಪು ದೂಳು ಬಟ್ಟೆಗೆ ಹತ್ತಿದರೆ, ಫಿಲ್ಟರ್ ಹರಿದಿದೆ, ಅದರ ಅಂಚು ಸರಿಯಾಗಿ ಕೂತಿಲ್ಲ, ಇಲ್ಲವೇ ಪೆಟ್ಟಿಗೆಯ ಕ್ಲಿಪ್ ಒಂದು ಸಡಿಲವಿದೆ ಎಂದು ತಿಳಿಯಬೇಕು. ಆ ದಾರಿಯನ್ನು ಮುಚ್ಚದೆ ಸೆನ್ಸರನ್ನಷ್ಟೇ ತೊಳೆದರೆ ಮುಂದಿನ ಜೋಳದ ರಾಶಿಯ ಹೊತ್ತಿಗೆ ಇದೇ ತೊಂದರೆ ಮರಳಿ ಬರುತ್ತದೆ. ಹೊಸ ಸೆನ್ಸರ್ ಹಾಕಿಸಿದರೂ ಅದರ ಗತಿ ಅದೇ. ರಸ್ತೆಯ ಮೇಲೆ ಹರವಿದ ಕಡಲೆಯ ಮೇಲೆ ವಾಹನ ಓಡಿಸುವಾಗ ಏಳುವ ಹೊಟ್ಟು ಫಿಲ್ಟರನ್ನು ಎಷ್ಟು ಬೇಗ ತುಂಬಿಸುತ್ತದೆ ಎಂಬುದು ನಮ್ಮ ಭಾಗದವರಿಗೆ ಹೇಳಿಕೊಡಬೇಕಾದ ಮಾತಲ್ಲ.

ಈ ಸೆನ್ಸರ್ ಎಂಜಿನ್ನಿಗೆ ಹೋಗುವ ಗಾಳಿಯ ತೂಕವನ್ನು ಅಳೆಯುತ್ತದೆ. ಡಿಸೆಂಬರ್ ಬೆಳಗಿನ 15 ಡಿಗ್ರಿ ತಂಪಿನಲ್ಲಿ ಎಂಜಿನ್ ಎಳೆದುಕೊಳ್ಳುವ ಒಂದು ಲೀಟರ್ ಗಾಳಿಗಿಂತ ಏಪ್ರಿಲ್ ಮಧ್ಯಾಹ್ನದ 38 ಡಿಗ್ರಿ ಬಿಸಿಲಿನ ಒಂದು ಲೀಟರ್ ಗಾಳಿ ಸುಮಾರು ಶೇಕಡಾ 7ರಷ್ಟು ಹಗುರವಾಗಿರುತ್ತದೆ. ಆದ್ದರಿಂದ ಗಾಳಿಯ ಗಾತ್ರವೊಂದೇ ತಿಳಿದರೆ ಸಾಲದು. ಸೆನ್ಸರಿನೊಳಗೆ ಕೂದಲಿನಂಥ ಪ್ಲಾಟಿನಂ ತಂತಿ ಅಥವಾ ಅದಕ್ಕಿಂತ ನಾಜೂಕಾದ ತೆಳುಪದರವೊಂದು ಇರುತ್ತದೆ. ವಿದ್ಯುತ್ ಹರಿಸಿ ಅದನ್ನು ಬರುವ ಗಾಳಿಗಿಂತ ಹೆಚ್ಚು ಬಿಸಿಯಾಗಿ ಇಡಲಾಗುತ್ತದೆ. ಹಾಯ್ದುಹೋಗುವ ಗಾಳಿ ಅದನ್ನು ತಣಿಸುತ್ತದೆ. ಬಿಸಿಯನ್ನು ಕಾಯ್ದುಕೊಳ್ಳಲು ಎಷ್ಟು ವಿದ್ಯುತ್ ಬೇಕಾಯಿತು ಎಂಬುದರಿಂದ ಗಾಳಿಯ ತೂಕ ಗೊತ್ತಾಗುತ್ತದೆ. ತಂತಿಯ ಮೇಲೆ ದೂಳು ಮತ್ತು ಎಣ್ಣೆಯ ಪದರ ಕೂತರೆ ಅದು ಕಂಬಳಿ ಹೊದ್ದಂತಾಗಿ ಗಾಳಿಯ ತಂಪು ತಟ್ಟುವುದಿಲ್ಲ, ಲೆಕ್ಕ ತಪ್ಪುತ್ತದೆ. ಗಾಳಿ ಕಡಿಮೆ ಬರುತ್ತಿದೆ ಎಂದು ಭಾವಿಸಿದ ಕಂಪ್ಯೂಟರ್, ಹೊಗೆ ಬಾರದಿರಲೆಂದು ಡೀಸೆಲನ್ನು ಕಡಿತಗೊಳಿಸುತ್ತದೆ. ನಿಮ್ಮ ಕಾರಿನ ಎಳೆತ ಕುಂದಿರುವುದು ಬಹುಶಃ ಇದರಿಂದಲೇ.

ಇನ್ನು ಸ್ವಚ್ಛಗೊಳಿಸುವ ಬಗೆ. ಎಂಜಿನ್ ಪೂರ್ತಿ ಆರಿರಬೇಕು, ಕೀಲಿ ತೆಗೆದಿರಬೇಕು. ಸೆನ್ಸರ್ ಇರುವುದು ಫಿಲ್ಟರ್ ಪೆಟ್ಟಿಗೆಯ ಬಾಯಿಯಲ್ಲಿ ಅಥವಾ ಅದಕ್ಕೆ ಹೊಂದಿಕೊಂಡ ಕೊಳವೆಯ ಮೇಲೆ. ಪ್ಲಗ್ಗನ್ನು ತೆಗೆಯುವಾಗ ಅದರ ಲಾಕನ್ನು ಒತ್ತಿ ಹಿಡಿಯಬೇಕೇ ಹೊರತು ವೈರುಗಳನ್ನು ಹಿಡಿದು ಎಳೆಯಬಾರದು. ಎರಡು ಸ್ಕ್ರೂಗಳು ಸಾಮಾನ್ಯವಾಗಿ ನಕ್ಷತ್ರದಾಕಾರದ ತಲೆಯವು. ಅವಕ್ಕೆ ತಕ್ಕ ಬಿಟ್ ಇಲ್ಲದೆ ಇಕ್ಕಳ ಹಚ್ಚಿದರೆ ತಲೆ ಸವೆದುಹೋಗುತ್ತದೆ. ಸೆನ್ಸರನ್ನು ಹೊರತೆಗೆದ ಕೂಡಲೇ ಕೊಳವೆಯ ತೂತಿಗೆ ಒಣ ಬಟ್ಟೆ ಮುಚ್ಚಿ.

ಏರ್ ಫ್ಲೋ ಸೆನ್ಸರಿಗೆಂದೇ ತಯಾರಿಸಿದ ಸ್ಪ್ರೇ ಸಿಗುತ್ತದೆ, ಅದನ್ನೇ ತನ್ನಿ. ಕಾರ್ಬ್ಯುರೇಟರ್ ಕ್ಲೀನರ್, ಬ್ರೇಕ್ ಕ್ಲೀನರ್, ಪೆಟ್ರೋಲ್, ಸೀಮೆಎಣ್ಣೆ ಯಾವುದೂ ಬೇಡ. ಇವು ಪ್ಲಾಸ್ಟಿಕ್ಕನ್ನು ತಿನ್ನಬಹುದು ಅಥವಾ ಒಣಗಿದ ಮೇಲೆ ಪದರ ಉಳಿಸಬಹುದು. ಕೈಗೆ ಹಚ್ಚುವ ಸ್ಯಾನಿಟೈಸರ್ ಸಹ ಆಗದು, ಅದರಲ್ಲಿ ನೀರು ಮತ್ತು ಗ್ಲಿಸರಿನ್ ಇರುತ್ತವೆ. ಸ್ಪ್ರೇ ಕೊಳವೆಯನ್ನು ಒಂದಷ್ಟು ದೂರದಲ್ಲಿ ಹಿಡಿದು, ತಂತಿ ಇರುವ ಕಿರುದಾರಿಯೊಳಗೆ ಹತ್ತು-ಹದಿನೈದು ಬಾರಿ ಚಿಕ್ಕ ಚಿಕ್ಕ ಚಿಮ್ಮುವಿಕೆಯಲ್ಲಿ ಹೊಡೆಯಿರಿ. ಮೊದಲು ಕಂದು ಬಣ್ಣದ ಹನಿಗಳು ಇಳಿಯುತ್ತವೆ. ಹನಿ ತಿಳಿಯಾದ ಮೇಲೆ ನಿಲ್ಲಿಸಿ.

ಒಳಗಿನ ತಂತಿಯನ್ನು ಮುಟ್ಟಬೇಡಿ. ಹತ್ತಿ ಸುತ್ತಿದ ಕಡ್ಡಿ, ಬ್ರಷ್, ಬೆರಳ ತುದಿ ಏನೂ ಆಗದು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನೂ ಹಾಯಿಸಬಾರದು. ಬಹಳ ವರ್ಷಗಳ ಹಿಂದೆ ನಾನೇ ಹತ್ತಿಯ ಕಡ್ಡಿಯಿಂದ ಮೆಲ್ಲಗೆ ಒರೆಸಲು ಹೋಗಿ, ಹತ್ತಿಯ ಎಳೆಯೊಂದು ಸಿಕ್ಕಿಕೊಂಡು ತಂತಿ ತುಂಡಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಈ ಒಂದು ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಈ ದ್ರವಕ್ಕೆ ಬೆಂಕಿ ಬೇಗ ಹತ್ತುತ್ತದೆ. ಬಯಲಿನಲ್ಲಿ ಕೆಲಸ ಮಾಡಿ. ಕಾರಿನ ಡ್ಯಾಶ್‌ಬೋರ್ಡಿನ ಮುಂದೆ ಊದಿನಕಡ್ಡಿ ಹಚ್ಚಿದ್ದರೆ ಮೊದಲು ಆರಿಸಿ. ಸೆನ್ಸರನ್ನು ನೆರಳಿನಲ್ಲಿ ಅರ್ಧ ಗಂಟೆ ತಾನಾಗಿಯೇ ಒಣಗಲು ಬಿಡಿ. ಕೂರಿಸುವಾಗ ರಬ್ಬರ್ ಉಂಗುರ ಮಡಿಚಿಕೊಳ್ಳದಂತೆ ನೋಡಿ, ಗಾಳಿಯ ದಿಕ್ಕು ತೋರಿಸುವ ಬಾಣದ ಗುರುತು ಎಂಜಿನ್ ಕಡೆಗಿರಲಿ. ನಂತರ ಕೋಡನ್ನು ಅಳಿಸಿ ಎರಡು-ಮೂರು ದಿನ ಓಡಿಸಿ ನೋಡಿ. ಅದೇ ಕೋಡ್ ಮತ್ತೆ ಬಂದರೆ ಸೆನ್ಸರಿನಿಂದ ಟರ್ಬೊದವರೆಗಿನ ರಬ್ಬರ್ ಕೊಳವೆಯ ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ ಪರೀಕ್ಷಿಸಿ. ಅಲ್ಲಿ ಸೀಳಿದ್ದರೆ ಅಳತೆಗೆ ಸಿಗದ ಗಾಳಿ ಒಳಗೆ ನುಗ್ಗುತ್ತಿರುತ್ತದೆ. ಕೊಳವೆಯೂ ವೈರಿಂಗೂ ಸರಿಯಿದ್ದಾಗ ಮಾತ್ರ ಹೊಸ ಸೆನ್ಸರಿನ ಮಾತು.

ಪ್ರಶ್ನೆ: ಧಾರವಾಡದಲ್ಲಿ ಸ್ನೇಹಿತರೊಬ್ಬರು ತೊಳೆದು ಮತ್ತೆ ಬಳಸಬಹುದಾದ ಹತ್ತಿಯ ಫಿಲ್ಟರ್ ಹಾಕಿಸಿಕೊಂಡಿದ್ದಾರೆ. ಅದಕ್ಕೆ ಎಣ್ಣೆ ಸವರಬೇಕಂತೆ. ಇದರಿಂದ ಸೆನ್ಸರಿಗೆ ತೊಂದರೆಯೇ?

ಉತ್ತರ: ಎಣ್ಣೆ ಹೆಚ್ಚಾದರೆ ತೊಂದರೆ ಇದೆ. ಹೆಚ್ಚಾದ ಎಣ್ಣೆ ಗಾಳಿಯೊಡನೆ ಹೋಗಿ ತಂತಿಗೆ ಅಂಟುತ್ತದೆ, ಆ ಜಿಡ್ಡಿಗೆ ದೂಳು ಮೆತ್ತಿಕೊಳ್ಳುತ್ತದೆ. ನಮ್ಮ ಎರೆ ಸೀಮೆಗೆ ಕಾಗದದ ಫಿಲ್ಟರೇ ಮೇಲು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹತ್ತಿರ ನನ್ನ ಅಂಗಡಿಯಿದೆ, ಕಾರು ದಿನವಿಡೀ ಅಲ್ಲಿಯೇ ನಿಲ್ಲುತ್ತದೆ. ನನ್ನದು ಚಿಕ್ಕ ಪೆಟ್ರೋಲ್ ಕಾರು. ಎಷ್ಟು ಹುಡುಕಿದರೂ ಏರ್ ಫ್ಲೋ ಸೆನ್ಸರ್ ಕಾಣಲಿಲ್ಲ. ಅದನ್ನು ತೆಗೆದುಹಾಕಿದ್ದಾರೆಯೇ?

ಉತ್ತರ: ಗಾಬರಿ ಬೇಡ. ಅನೇಕ ಚಿಕ್ಕ ಪೆಟ್ರೋಲ್ ಕಾರುಗಳಲ್ಲಿ ಈ ಸೆನ್ಸರ್ ಇರುವುದೇ ಇಲ್ಲ. ಅವುಗಳಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್‌ನ (ಎಂಜಿನ್ನಿನ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯ) ಒತ್ತಡವನ್ನು ಅಳೆಯುವ ಮ್ಯಾಪ್ ಸೆನ್ಸರ್ ಇದ್ದು, ಒತ್ತಡ, ಉಷ್ಣತೆ ಮತ್ತು ಎಂಜಿನ್ ವೇಗದಿಂದ ಗಾಳಿಯ ಪ್ರಮಾಣವನ್ನು ಲೆಕ್ಕ ಹಾಕಲಾಗುತ್ತದೆ. ಅದನ್ನು ಸುಮ್ಮನೆ ಬಿಚ್ಚುವ ಅಗತ್ಯವಿಲ್ಲ. ಆದರೆ ಆವಕದ ದಿನಗಳಲ್ಲಿ ಅಲ್ಲಿನ ಗಾಳಿಯಲ್ಲಿರುವ ಕೆಂಪು ಪುಡಿ ನಿಮ್ಮ ಫಿಲ್ಟರಿನ ಮಡಿಕೆಗಳಲ್ಲಿಯೂ ಕೂರುತ್ತದೆ. ಆ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಪೆಟ್ಟಿಗೆ ತೆರೆದು ಫಿಲ್ಟರನ್ನು ನೋಡಿ. ತೆಗೆಯುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.