ಬಾತ್‌ರೂಮಿಗೆ ವೆಂಟ್ ಪೈಪ್ ಬೇಕೇ ಬೇಕಾ?

ಮೊದಲ ಮಹಡಿಯ ಬಾತ್‌ರೂಮಿಗೆ ವೆಂಟ್ ಪೈಪ್ (ಚರಂಡಿ ಪೈಪಿನೊಳಗೆ ಗಾಳಿ ಆಡಲು ಬಿಡುವ ಪೈಪ್) ಸುಮ್ನೆ ಖರ್ಚು ಅಂತ ಪ್ಲಂಬರ್ ಹೇಳುತ್ತಿದ್ದಾರೆ, ಬಿಡಬಹುದಾ ಎಂದು ಕೇಳಿದ್ದೀರಿ. ಬಿಡಬೇಡಿ.

ನೆಲದ ಜಾಲರಿ ಎತ್ತಿ ನೋಡಿ. ಕೆಳಗಿನ ನಹಾನಿ ಟ್ರ್ಯಾಪ್‌ನಲ್ಲಿ (ನೀರು ಹಿಡಿದಿಡುವ ಬಟ್ಟಲಿನಂಥ ಭಾಗ) ಸುಮಾರು 50 ಮಿ.ಮೀ. ನೀರು ನಿಂತಿರುತ್ತದೆ. ಚರಂಡಿ ವಾಸನೆ, ಜಿರಳೆ ಒಳಗೆ ಬರದಂತೆ ತಡೆಯುವುದು ಆ ನೀರೇ. ಕಮೋಡ್ ಫ್ಲಶ್ ಮಾಡಿದಾಗ ಪೈಪಿನಲ್ಲಿ ನೀರು ರಭಸವಾಗಿ ಇಳಿಯುತ್ತದೆ. ಹಿಂದಿನಿಂದ ಗಾಳಿ ಬರದಿದ್ದರೆ ಟ್ರ್ಯಾಪಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಗುಳುಗುಳು ಸದ್ದು ಕೇಳಿದ್ದೀರಿ ಅಲ್ವಾ? ಅದೇ ಇದು.

ಹೊರಗೋಡೆಯಲ್ಲಿ ಕಮೋಡಿನ ನೀರು ಇಳಿಯುವ 110 ಮಿ.ಮೀ. ಪೈಪನ್ನೇ ವೆಂಟ್ ಆಗಿ ತಾರಸಿಯ ಮೇಲಕ್ಕೆ ಒಯ್ದು, ತುದಿಗೆ ಕೌಲ್ (ಗಾಳಿಯಾಡುವ ಮುಚ್ಚಳ) ಹಾಕಿಸಿ. ಸಣ್ಣ ಮನೆಗೆ ಸಾಮಾನ್ಯವಾಗಿ ಅಷ್ಟು ಸಾಕು. ಖರ್ಚೂ ಜಾಸ್ತಿ ಇಲ್ಲ. ತುದಿ ಮಾತ್ರ ಕಿಟಕಿ, ನೀರಿನ ಟ್ಯಾಂಕಿನ ಹತ್ತಿರ ಬೇಡ.

ಕಮೋಡಿಗೆ 110, ನೆಲದ ನೀರಿಗೆ 75, ಬೇಸಿನ್‌ಗೆ 40 ಮಿ.ಮೀ. ಪೈಪ್ ಹಾಕಿಸಿ. ಇಳಿಜಾರು ಮೀಟರಿಗೆ ಸುಮಾರು 25 ಮಿ.ಮೀ. ಇರಲಿ. ತಿರುವಿನಲ್ಲಿ ಒಂದೇ 90 ಡಿಗ್ರಿ ಎಲ್ಬೋ ಬದಲು ಎರಡು 45 ಡಿಗ್ರಿ ಬೆಂಡ್ ಒಳ್ಳೆಯದು.

ಸಂಕನ್ ಸ್ಲ್ಯಾಬ್ (ಪೈಪ್ ಹಾಯಿಸಲು ತಗ್ಗಿಸಿ ಹಾಕಿದ ಬಾತ್‌ರೂಮಿನ ಸ್ಲ್ಯಾಬ್) ತುಂಬಿಸುವ ಮುಂಚೆ ಪೈಪಿನ ಬಾಯಿ ಕಟ್ಟಿ, ನೀರು ತುಂಬಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಂದೊಂದು ಜಾಯಿಂಟನ್ನೂ ಕೈಯಲ್ಲೇ ಮುಟ್ಟಿ ನೋಡಿ. ಟೈಲ್ಸ್ ಹಾಕಿದ ಮೇಲೆ ಸೋರಿದರೆ ಕೆಳಗಿನ ಮನೆಯವರೇ ಹೇಳುತ್ತಾರೆ, ಬಿಡಿ!